ದತ್ತಾಂಶ ಕೇಂದ್ರಗಳೂ ಸರಃಶೋಷವೂ

ಶ್ರಾವಕನಿಗೆ ಸಲ್ಲದ ಹದಿನೈದು ಉದ್ಯೋಗಗಳನ್ನು ನಮ್ಮ ಪೂರ್ವಾಚಾರ್ಯರು ಕರ್ಮಾದಾನಗಳೆಂದು ಕರೆದರು. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿ ಅವುಗಳ ವಿವರಣೆಯಿದೆ. ಪಂಡಿತ ಆಶಾಧರರ ಸಾಗಾರಧರ್ಮಾಮೃತದಲ್ಲಿಯೂ ಅವುಗಳ ಪ್ರಸ್ತಾಪ ಬರುತ್ತದೆ. ಇದ್ದಿಲು ಸುಡುವ ಅಂಗಾರಕರ್ಮ, ಕಾಡು ಕಡಿಯುವ ವನಕರ್ಮ ಮೊದಲಾದವುಗಳ ಸಾಲಿನಲ್ಲಿಯೇ ಸರಃಶೋಷ ಎಂಬುದೊಂದಿದೆ. ಕೆರೆ ಮಡುಗಳ ನೀರನ್ನು ಬತ್ತಿಸಿ ಲಾಭ ಮಾಡಿಕೊಳ್ಳುವ ಕಸುಬೆಂದು ಅದರ ಅರ್ಥ. ಈ ಕಾಲದಲ್ಲಿ ಕೆರೆ ಬತ್ತಿಸಿ ಬದುಕುವ ಜೈನನು ಯಾವ ಊರಿನಲ್ಲಿದ್ದಾನೆ ಎಂದುಕೊಂಡು ಆ ಶಬ್ದವನ್ನು ದಾಟಿ ಮುಂದಿನ ಪುಟಕ್ಕೆ ಹೋಗುವುದು ನಮ್ಮ ವಾಡಿಕೆ. ಹಾಗೆ ದಾಟಿಹೋಗುವ ಸ್ವಾತಂತ್ರ್ಯ ಇನ್ನು ನಮಗಿಲ್ಲವೆಂಬುದೇ ಈ ಲೇಖನದ ವಾದ.

ನಾವು ಕೈಯಲ್ಲಿ ಹಿಡಿದ ದೂರವಾಣಿಯಿಂದ ಕಳುಹಿಸುವ ಭಾವಚಿತ್ರ, ಬ್ಯಾಂಕಿನ ಲೆಕ್ಕ, ರೈಲು ಟಿಕೇಟು, ಈಚೆಗೆ ಎಲ್ಲರ ಬಾಯಲ್ಲೂ ಕೇಳಿಬರುವ ಕೃತಕ ಬುದ್ಧಿಮತ್ತೆಯ ಉತ್ತರ, ಇವೆಲ್ಲವೂ ಎಲ್ಲೋ ಒಂದು ಕಡೆ ಸಾವಿರಾರು ಗಣಕಯಂತ್ರಗಳನ್ನು ಜೋಡಿಸಿಟ್ಟ ಕಟ್ಟಡದಲ್ಲಿ ನಡೆಯುತ್ತವೆ. ಅದೇ ದತ್ತಾಂಶ ಕೇಂದ್ರ. ಆಡುಮಾತಿನಲ್ಲಿ ಡೇಟಾ ಸೆಂಟರ್. ವ್ಯಾಪಾರಿಗಳು ಇದಕ್ಕೆ ಕ್ಲೌಡ್, ಅಂದರೆ ಮೋಡ, ಎಂದು ಹೆಸರಿಟ್ಟಿರುವುದು ವಿನೋದವೇ ಸರಿ. ನಮ್ಮ ಸೀಮೆಯ ರೈತನಿಗೆ ಮೋಡವೆಂದರೆ ನೀರು ಕೊಡುವುದು, ಕುಡಿಯುವುದಲ್ಲ.

ಈ ಯಂತ್ರಗಳು ಸೇವಿಸುವ ವಿದ್ಯುತ್ತು ಬಹುತೇಕ ಪೂರ್ತಿಯಾಗಿ ಶಾಖವಾಗಿ ಪರಿಣಮಿಸುತ್ತದೆ. ಆ ಶಾಖವನ್ನು ಹೊರಹಾಕದಿದ್ದರೆ ಯಂತ್ರಗಳು ಕೆಡುತ್ತವೆ. ಹೊರಹಾಕಲು ಅನೇಕ ಕಡೆಗಳಲ್ಲಿ ಅನುಸರಿಸುವ ಮಾರ್ಗವೆಂದರೆ ನೀರನ್ನು ಆವಿಯಾಗಿಸುವುದು. ಬೇಸಿಗೆಯಲ್ಲಿ ಮಣ್ಣಿನ ಹೂಜಿಯ ಮೈ ಒಸರಿ ಒಳಗಿನ ನೀರು ತಂಪಾಗುವುದು ಯಾವ ನಿಯಮದಿಂದಲೋ, ಇಲ್ಲಿಯೂ ಅದೇ ನಿಯಮ. ಒಂದು ಯೂನಿಟ್ ವಿದ್ಯುತ್ತಿನ ಶಾಖವನ್ನು ಆವಿಯ ಮೂಲಕ ಕಳೆಯಲು ಸುಮಾರು ಒಂದೂವರೆ ಲೀಟರು ನೀರು ಬೇಕೆಂಬುದು ಯಾವ ಕಂಪನಿಯ ಹೇಳಿಕೆಯೂ ಅಲ್ಲ, ಪ್ರೌಢಶಾಲೆಯ ಭೌತಶಾಸ್ತ್ರದ ಲೆಕ್ಕ. ಒಂದು ಮೆಗಾವಾಟ್ ಸಾಮರ್ಥ್ಯದ ಕೇಂದ್ರವು ಹಗಲಿರುಳು ಪೂರ್ಣವಾಗಿ ನಡೆದರೆ ದಿನಕ್ಕೆ 24,000 ಯೂನಿಟ್. ಅದರ ಶಾಖವನ್ನೆಲ್ಲ ಆವಿಯಿಂದಲೇ ಕಳೆದರೆ ದಿನಕ್ಕೆ ಸುಮಾರು 36,000 ಲೀಟರು ನೀರು ಆಕಾಶದ ಪಾಲು. ನಗರವಾಸಿಗೆ ತಲಾ 135 ಲೀಟರು ಎಂಬ ಸರ್ಕಾರಿ ಮಾನದಂಡದಂತೆ ಇದು 266 ಜನರ ನೀರು. ಗ್ರಾಮವಾಸಿಗೆ ಜಲಜೀವನ ಯೋಜನೆ ನಿಗದಿಪಡಿಸಿದ 55 ಲೀಟರಿನಂತೆ ಎಣಿಸಿದರೆ 650ಕ್ಕೂ ಮಿಕ್ಕ ಜನರ ನೀರು. ಇಂದು ಕಟ್ಟುತ್ತಿರುವ ದೊಡ್ಡ ಕೇಂದ್ರಗಳು ಒಂದು ಮೆಗಾವಾಟಿನವಲ್ಲ. ನೂರರ ಲೆಕ್ಕದವು, ಸಾವಿರದ ಲೆಕ್ಕದವೂ ಉಂಟು. ಇದರ ಮೇಲೆ, ಆವಿಯಾದ ಬಳಿಕ ತಳದಲ್ಲಿ ಗಟ್ಟಿಗೊಳ್ಳುವ ಲವಣವನ್ನು ತೊಳೆದು ಚೆಲ್ಲಲು ಬೇರೆ ನೀರು ಬೇಕು. ನೀರು ಗಡಸಾದಷ್ಟೂ ಆ ಚೆಲ್ಲುವಿಕೆ ಹೆಚ್ಚು. ಕಲಬುರಗಿಯ ಕೊಳವೆಬಾವಿಯ ನೀರು ಕುದಿಸಿದ ಪಾತ್ರೆಯ ತಳವನ್ನು ಬಲ್ಲ ಗೃಹಿಣಿಯರಿಗೆ ಇದನ್ನು ವಿವರಿಸಬೇಕಿಲ್ಲ.

ಕಲಬುರಗಿಯನ್ನು ಇಲ್ಲಿ ತರಲು ಕಾರಣವಿದೆ. ಕರ್ನಾಟಕ ಸರ್ಕಾರ 2022ರಿಂದ 2027ರ ಅವಧಿಗೆ ಒಂದು ದತ್ತಾಂಶ ಕೇಂದ್ರ ನೀತಿಯನ್ನು ಪ್ರಕಟಿಸಿತು. ಉದ್ಯಮಗಳು ಬೆಂಗಳೂರಿನಾಚೆಗೂ ಹೋಗಲಿ ಎಂಬುದು ಕೆಲವು ವರ್ಷಗಳಿಂದ ಕೇಳಿಬರುತ್ತಿರುವ ಘೋಷಣೆ. ನೆರೆಯ ಆಂಧ್ರದ ವಿಶಾಖಪಟ್ಟಣದಲ್ಲಿ ಐದು ವರ್ಷಗಳಲ್ಲಿ 1,500 ಕೋಟಿ ಡಾಲರು ಹೂಡುವುದಾಗಿ 2025ರ ಅಕ್ಟೋಬರಿನಲ್ಲಿ ಗೂಗಲ್ ಸಾರಿದ ಮೇಲೆ, ಅಂಥದ್ದು ನಮಗೇಕೆ ಬರಬಾರದು ಎಂಬ ಪ್ರಶ್ನೆ ಹುಟ್ಟುವುದು ಸಹಜ. ಕಲ್ಯಾಣ ಕರ್ನಾಟಕದ ತರುಣರು ಪುಣೆ, ಹೈದರಾಬಾದು, ಬೆಂಗಳೂರುಗಳಿಗೆ ಗುಳೆ ಹೋಗುವುದನ್ನು ಕಂಡವರಾರೂ ಆ ಪ್ರಶ್ನೆಯನ್ನು ತಿರಸ್ಕರಿಸಲಾರರು. ಆದರೆ ಹೂಡಿಕೆಯ ಗಾತ್ರಕ್ಕೆ ಹೋಲಿಸಿದರೆ ಕಟ್ಟಡ ಮುಗಿದ ಮೇಲೆ ಇಂಥ ಕೇಂದ್ರಗಳಲ್ಲಿ ಉಳಿಯುವ ಉದ್ಯೋಗಗಳು ಅತಿ ಕಡಿಮೆಯೆಂಬುದನ್ನು ಯಾವ ಊರಿನ ಅನುಭವವೂ ತೋರಿಸುತ್ತದೆ. ಊರಿಗೆ ಅಂಥದೊಂದು ಬಂದೀತೆಂಬ ಆಸೆಯ ಹೊತ್ತಿನಲ್ಲಿಯೇ ನೀರಿನ ಮಾತನ್ನು ಆಡಬೇಕು. ಬಂದ ಮೇಲೆ ಆಡಿದ ಮಾತಿಗೆ ಬೆಲೆಯಿರುವುದಿಲ್ಲ.

ಕಲಬುರಗಿ ನಗರಕ್ಕೆ ನೀರು ಬರುವುದು ಭೀಮೆಯ ಸರಡಗಿ ಬ್ಯಾರೇಜಿನಿಂದ ಮತ್ತು ಬೆಣ್ಣೆತೊರಾದಿಂದ. ಹುಮನಾಬಾದಿನ ಹೆದ್ದಾರಿಯಲ್ಲಿ ಕಮಲಾಪುರಕ್ಕೆ ಹೋಗುವವರು ಕುರಿಕೋಟೆಯ ಸೇತುವೆಯ ಮೇಲೆ ಬೆಣ್ಣೆತೊರಾವನ್ನು ದಾಟುತ್ತಾರೆ. ಮುಂದೆ ಅದು ಕಾಗಿಣೆಯನ್ನು ಸೇರುತ್ತದೆ, ಕಾಗಿಣೆ ಭೀಮೆಯನ್ನು. ಅದೇ ಕಾಗಿಣೆಯ ದಂಡೆಯಲ್ಲಿ ನಮ್ಮ ಮಳಖೇಡವಿದೆ, ಅಮೋಘವರ್ಷನ ಮಾನ್ಯಖೇಟ. ಆ ದೊರೆಯ ಕಾಲದಲ್ಲಿ ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ರಚಿಸಿದರು. ನೆಲವನ್ನು ಅಗೆಯುವ ಲೆಕ್ಕಕ್ಕೆ ಅದರಲ್ಲಿ ಒಂದು ವ್ಯವಹಾರವೇ ಮೀಸಲಾಗಿದೆ. ಸಾವಿರದ ನೂರು ವರ್ಷಗಳಿಗೂ ಹಿಂದೆ ಅಗೆತವನ್ನು ಅಳೆದು ಲೆಕ್ಕವಿಡಲು ಕಲಿಸಿದ ಪರಂಪರೆಯವರು ನಾವು. ಇಂದು ಅದೇ ನದಿಗಳ ನೀರನ್ನು ಅಳೆಯದೆ ಕೊಡಬಹುದೆಂದರೆ ಹೇಗೆ?

ಕಮಲಾಪುರದ ಕೆಂಪು ಬಾಳೆಯನ್ನು ಬಲ್ಲವರೆಲ್ಲ ಬಲ್ಲರು. ಭೌಗೋಳಿಕ ಸೂಚಿಕೆ ಪಡೆದ ಆ ಹಣ್ಣು ಸಾಮಾನ್ಯ ಬಾಳೆಗಿಂತ ಹೆಚ್ಚು ಕಾಲ ತೋಟದಲ್ಲಿ ನಿಂತು ಫಲಿಸುವಂಥದು, ಅಂದರೆ ಕನಿಷ್ಠ ಒಂದು ಪೂರ್ಣ ಬೇಸಿಗೆಯನ್ನು ದಾಟಲೇಬೇಕಾದುದು. ತೋಟದವನು ಏಪ್ರಿಲ್ ಮೇ ತಿಂಗಳ ಒಂದೊಂದು ಸರದಿ ನೀರನ್ನೂ ಬೆರಳಲ್ಲಿ ಎಣಿಸುತ್ತಾನೆ. ಕೆಳಗಿರುವುದು ಕಪ್ಪು ಬಂಡೆ. ಮರಳು ನಾಡಿನಂತೆ ಅದು ನೀರನ್ನು ಹಿಡಿದಿಟ್ಟುಕೊಳ್ಳದು, ಬಿರುಕುಗಳಲ್ಲಿ ಸಿಕ್ಕಷ್ಟೇ ಸಿಕ್ಕಿತು. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. 2025ರ ಬೇಸಿಗೆಯ ಆರಂಭದಲ್ಲಿ ಕುಡಿಯುವ ನೀರಿಗಾಗಿ ಉಜ್ಜನಿ ಜಲಾಶಯದಿಂದ ಭೀಮೆಗೆ 1 ಟಿಎಂಸಿ ನೀರು ಬಿಡಬೇಕೆಂದು ನಮ್ಮ ಮುಖ್ಯಮಂತ್ರಿಗಳು ಮಹಾರಾಷ್ಟ್ರಕ್ಕೆ ಪತ್ರ ಬರೆಯಬೇಕಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅದೇ ಭೀಮೆ ಉಕ್ಕಿ ಊರುಗಳನ್ನು ಮುಳುಗಿಸಿತು. ವರ್ಷದ ಸರಾಸರಿಯನ್ನು ಹಿಡಿದು ಮಾತನಾಡುವವರಿಗೆ ಈ ನಾಡು ಅರ್ಥವಾಗದು. ಇಲ್ಲಿ ಪ್ರಶ್ನೆ ಎಷ್ಟು ನೀರಿದೆ ಎಂಬುದಲ್ಲ, ಮೇ ತಿಂಗಳಲ್ಲಿ ಎಷ್ಟಿದೆ ಎಂಬುದು. ಯಂತ್ರಗಳ ದಾಹವಾದರೂ ತೀವ್ರವಾಗುವುದು ಯಾವಾಗ? ಪಾದರಸ 42 ಡಿಗ್ರಿಯನ್ನು ದಾಟುವ ಅದೇ ದಿನಗಳಲ್ಲಿ. ನದಿ ಬತ್ತುವ ತಿಂಗಳೂ ಯಂತ್ರ ಹೆಚ್ಚು ಕುಡಿಯುವ ತಿಂಗಳೂ ಒಂದೇ.

ಇನ್ನು ಪ್ರತಿವಾದಿಗಳ ಮಾತನ್ನು ಕೇಳೋಣ. ಅವರ ಅತ್ಯಂತ ಬಲವಾದ ವಾದವನ್ನು ಮರೆಮಾಚುವುದು ಸಲ್ಲದು. ಕಬ್ಬನ್ನು ನೋಡಿರಿ ಎಂದು ಅವರು ಹೇಳುತ್ತಾರೆ. ನೂರು ಮೆಗಾವಾಟಿನ ಕೇಂದ್ರ ವರ್ಷವಿಡೀ ಆವಿಯಾಗಿಸುವುದು ಮೇಲಿನ ಲೆಕ್ಕದಂತೆ ಸುಮಾರು 131 ಕೋಟಿ ಲೀಟರು. ಒಂದು ಎಕರೆ ಕಬ್ಬು ಸುಮಾರು ಎರಡು ಮೀಟರಿನಷ್ಟು ನೀರು ಕುಡಿಯುವುದೆಂದು ಹಿಡಿದರೆ ಅದು ಎಕರೆಗೆ 80 ಲಕ್ಷ ಲೀಟರು. ಹಾಗಾದರೆ ಅಷ್ಟು ದೊಡ್ಡ ಕೇಂದ್ರದ ನೀರು ಕೇವಲ 165 ಎಕರೆ ಕಬ್ಬಿನ ನೀರಿಗೆ ಸಮ. ಆಳಂದ, ಅಫಜಲಪುರಗಳ ಕಬ್ಬನ್ನು ಸಹಿಸುವವರು ಇದನ್ನೇಕೆ ಸಹಿಸಬಾರದು?

ಈ ಲೆಕ್ಕ ಸರಿಯಾಗಿಯೇ ಇದೆ. ಒಂದು ಟಿಎಂಸಿಯ ಇಪ್ಪತ್ತನೆಯ ಒಂದು ಭಾಗಕ್ಕೂ ಕಡಿಮೆಯಾದ ನೀರಿಗಾಗಿ ಜಗತ್ತು ಮುಳುಗಿತೆಂದು ಕೂಗುವವರೊಡನೆ ಈ ಲೇಖಕನ ಸಹಮತವಿಲ್ಲ. ಬರದ ಸೀಮೆಯಲ್ಲಿ ಕಬ್ಬು ಬೆಳೆಯುವುದು ಪ್ರತ್ಯೇಕವಾದ ಒಂದು ಅವಿವೇಕ, ಅದನ್ನೂ ಹೇಳಬೇಕಾದುದೇ. ಆದರೆ ಒಂದು ಅವಿವೇಕವು ಇನ್ನೊಂದಕ್ಕೆ ಪ್ರಮಾಣಪತ್ರವಾಗುವುದು ಯಾವ ನ್ಯಾಯದಿಂದ? ಅದಿರಲಿ, ವ್ಯತ್ಯಾಸ ಬೇರೆಡೆ ಇದೆ. ಕಬ್ಬಿನ ನೀರು ನೂರಾರು ಹೊಲಗಳಲ್ಲಿ ಹರಡಿಕೊಂಡಿರುತ್ತದೆ. ಬರ ಬಂದಾಗ ಕಾಲುವೆಯನ್ನು ಮುಚ್ಚಿದರೆ ಬೆಳೆ ಒಣಗುತ್ತದೆ, ಕುಡಿಯುವ ನೀರು ಉಳಿಯುತ್ತದೆ. ಆದರೆ ಒಂದು ಕ್ಷಣವೂ ನಿಲ್ಲದಂತೆ ನಡೆಸುವೆವೆಂದು ಗಿರಾಕಿಗಳಿಗೆ ಬರೆದುಕೊಟ್ಟ ಕೇಂದ್ರವು ಶುದ್ಧೀಕರಿಸಿದ ನೀರಿನ ಕೊಳವೆಗೇ ಬಾಯಿ ಹಚ್ಚಿ ಕುಳಿತರೆ, ಬರಗಾಲದ ದಿನ ಅದನ್ನು ಮುಚ್ಚುವ ಧೈರ್ಯ ಯಾವ ಅಧಿಕಾರಿಗಿದೆ? 2024ರ ಮಾರ್ಚಿಯಲ್ಲಿ ಬೆಂಗಳೂರಿನ 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆಯೆಂದು ಉಪಮುಖ್ಯಮಂತ್ರಿಗಳೇ ತಿಳಿಸಿದರು. ಆಗ ಕುಡಿಯುವ ನೀರಿನಿಂದ ವಾಹನ ತೊಳೆದವರಿಗೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತು. ಮನೆಯಂಗಳದಲ್ಲಿ ಸ್ಕೂಟರಿಗೆ ಒಂದು ಬಕೆಟ್ಟು ಸುರಿದವನಿಗೆ ಕಾನೂನು ಎಷ್ಟು ಬೇಗ ಎಟುಕುತ್ತದೆ ನೋಡಿರಿ.

ಆವಿಯಾದ ನೀರು ಮಳೆಯಾಗಿ ಮರಳುವುದಿಲ್ಲವೇ ಎಂಬುದು ಎರಡನೆಯ ವಾದ. ಮರಳುತ್ತದೆ, ಆದರೆ ಕಮಲಾಪುರದ ಮೇ ತಿಂಗಳ ಗಾಳಿ ಹೊತ್ತೊಯ್ದ ಆವಿ ಯಾವ ಸಮುದ್ರದ ಮೇಲೆ ಮಳೆಯಾಗುವುದೋ ಬಲ್ಲವರಾರು? ಇಲ್ಲಿ ನಮ್ಮ ಮನೆಗಳ ಹಳೆಯ ಆಚರಣೆಯೊಂದು ನೆನಪಿಗೆ ಬರಬೇಕು. ಬಾವಿಯಿಂದ ಎತ್ತಿದ ನೀರನ್ನು ಮಡಿಸಿದ ವಸ್ತ್ರದಲ್ಲಿ ಗಾಳಿಸಿದ ಮೇಲೆ ಆ ವಸ್ತ್ರದಲ್ಲುಳಿದ ಸೂಕ್ಷ್ಮಜೀವಿಗಳನ್ನು ಎಲ್ಲೆಂದರಲ್ಲಿ ಚೆಲ್ಲಬಾರದು, ಯಾವ ಬಾವಿಯಿಂದ ಎತ್ತಿದ್ದೋ ಅದೇ ಬಾವಿಗೆ ಮೆಲ್ಲನೆ ಇಳಿಸಬೇಕೆಂದು ಹಿರಿಯರು ವಿಧಿಸಿದ್ದರು. ಬೇರೊಂದು ನೀರಿನಲ್ಲಿ ಅವು ಬದುಕಲಾರವೆಂಬುದು ಕಾರಣ. ಎತ್ತಿದ ನೆಲೆಗೇ ಮರಳಿಸುವುದು ಎಂಬ ಈ ಕ್ರಮದಲ್ಲಿ ಇಡೀ ಜಲನೀತಿಯೇ ಅಡಗಿದೆ. ಮನೆಗೆ ಬಂದ ನೀರಿನಲ್ಲಿ ಶೇ. 80ರಷ್ಟು ಕೊಳಚೆಯಾಗಿಯಾದರೂ ಹೊರಬರುತ್ತದೆಂದು ಎಂಜಿನಿಯರುಗಳು ಎಣಿಸುತ್ತಾರೆ. ಅದು ಹಳ್ಳಕ್ಕೆ ಸೇರಿ ಕೆಳಗಿನವರಿಗೆ ಒದಗುತ್ತದೆ. ಆವಿಗೋಪುರಕ್ಕೆ ಹೋದ ನೀರು ಆ ನದಿಗೆ ಮರಳುವುದೇ ಇಲ್ಲ. ಎತ್ತಿದ್ದಕ್ಕೂ ಕಳೆದದ್ದಕ್ಕೂ ಇರುವ ಈ ಅಂತರವನ್ನು ಕಂಪನಿಗಳ ವರದಿ ಓದುವಾಗ ಮರೆಯಬಾರದು. ಗೂಗಲ್ ಸಂಸ್ಥೆಯೊಂದೇ 2023ರಲ್ಲಿ ಹೀಗೆ ಕಳೆದ ನೀರು ತನ್ನ ವರದಿಯಂತೆಯೇ ಸುಮಾರು 2,300 ಕೋಟಿ ಲೀಟರು.

ಮೂರನೆಯ ವಾದ ಸೂಕ್ಷ್ಮವಾದುದು. ಈಗ ನೀರೇ ಬೇಡದ ವಿಧಾನಗಳು ಬಂದಿವೆ, ಗಾಳಿಯಿಂದಲೇ ತಂಪುಮಾಡುತ್ತೇವೆ, ಮುಚ್ಚಿದ ಕೊಳವೆಗಳಲ್ಲಿ ಅದೇ ನೀರನ್ನು ಸುತ್ತಿಸುತ್ತೇವೆ ಎನ್ನುತ್ತಾರೆ. ಇದು ಸುಳ್ಳಲ್ಲ, ಅರ್ಧ ಸತ್ಯ. 42 ಡಿಗ್ರಿಯ ಗಾಳಿಯಿಂದ ತಂಪುಮಾಡಬೇಕಾದರೆ ಶೀತಕಯಂತ್ರಗಳಿಗೆ ಹೆಚ್ಚು ವಿದ್ಯುತ್ತು ಬೇಕು. ಆ ವಿದ್ಯುತ್ತು ಕಲ್ಲಿದ್ದಲಿನಿಂದ ಬಂದರೆ ಅಲ್ಲಿಯೂ ನೀರು ಆವಿಯಾಗುತ್ತದೆ. ಹಳೆಯ ಶಾಖೋತ್ಪನ್ನ ಸ್ಥಾವರಗಳು ಒಂದು ಯೂನಿಟ್ಟಿಗೆ ಮೂರೂವರೆ ಲೀಟರು ದಾಟಬಾರದೆಂದು ಕೇಂದ್ರ ಸರ್ಕಾರ 2015ರಲ್ಲಿ ಮಿತಿ ಹಾಕಿತು, ಮಿತಿಯೇ ಅಷ್ಟು. ಕಮಲಾಪುರದಲ್ಲಿ ಉಳಿಸಿದೆವೆಂದ ನೀರು ರಾಯಚೂರಿನ ಶಕ್ತಿನಗರದಲ್ಲಿ ಕೃಷ್ಣೆಯಿಂದ ಹೋದರೆ ಜಲಕಾಯ ಜೀವಿಗಳಿಗೂ ಅಷ್ಟೇ, ತೇಜಸ್ಕಾಯಕ್ಕೂ ಅಷ್ಟೇ; ಹಿಂಸೆಯ ವಿಳಾಸ ಬದಲಾಯಿತು. ಆದುದರಿಂದ ನೀರು ಬೇಡವೆನ್ನುವವರನ್ನು ವಿದ್ಯುತ್ತು ಎಲ್ಲಿಂದ ಎಂದು ಕೇಳಬೇಕು. ಬಿಸಿಲಿನಿಂದಲೂ ಗಾಳಿಯಿಂದಲೂ ವಿದ್ಯುತ್ತು ತೆಗೆಯಲು ನಮ್ಮ ಬಯಲುಸೀಮೆಗಿಂತ ಅನುಕೂಲವಾದ ಸ್ಥಳಗಳು ವಿರಳ. ಆ ಉತ್ತರ ಬಂದರೆ ಸಂತೋಷದಿಂದ ಸ್ವೀಕರಿಸಬಹುದು.

ನೀರು ಬೇಕೇ ಬೇಕೆನ್ನುವವರಿಗೂ ದಾರಿಯಿದೆ. 2011ರ ಜನಗಣತಿಯಲ್ಲಿಯೇ ಕಲಬುರಗಿ ನಗರದ ಜನಸಂಖ್ಯೆ 5,30,000 ದಾಟಿತ್ತು. ಮಾನದಂಡದಂತೆ ಅವರಿಗೆಲ್ಲ ನೀರು ದೊರೆತರೆ ಹೊರಬರುವ ಕೊಳಚೆ ದಿನಕ್ಕೆ ಐದೂಮುಕ್ಕಾಲು ಕೋಟಿ ಲೀಟರು. ನೂರು ಮೆಗಾವಾಟಿನ ಕೇಂದ್ರಕ್ಕೆ ಬೇಕಾದ 36 ಲಕ್ಷ ಲೀಟರು ಅದರ ಹದಿನಾರನೆಯ ಒಂದು ಪಾಲು. ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳವರೆಗೆ ಕೊಳವೆಯಲ್ಲಿ ಒಯ್ಯಲು ಸಾಧ್ಯವಾಯಿತೆಂದ ಮೇಲೆ, ಊರ ಹೊರಗಿನ ಒಂದು ಕಟ್ಟಡಕ್ಕೆ ಒಯ್ಯುವುದು ಅಸಾಧ್ಯವೆಂದು ಯಾರೂ ಹೇಳಲಾರರು. ವೆಚ್ಚವಾಗುತ್ತದೆ, ನಿಜ. ಆ ವೆಚ್ಚವನ್ನು ಕೇಂದ್ರ ಕಟ್ಟುವವನು ಹೊರಬೇಕು. ಕುಡಿಯುವ ನೀರು ಅಗ್ಗವಾಗಿ ಸಿಗುತ್ತಿರುವವರೆಗೆ ಅವನು ಹೊರುವುದಿಲ್ಲ.

ಇದೆಲ್ಲವನ್ನೂ ತೂಗಿನೋಡಲು ಅಂಕಿಗಳು ಬೇಕು. ಅಲ್ಲಿಯೇ ಈ ಉದ್ಯಮದ ಅತಿ ದೊಡ್ಡ ದೋಷ. ಅಮೆರಿಕದ ಓರೆಗನ್ ರಾಜ್ಯದ ದಿ ಡಾಲ್ಸ್ ಎಂಬ ಸಣ್ಣ ಪಟ್ಟಣದಲ್ಲಿ ಗೂಗಲ್ ಕೇಂದ್ರಗಳು ಎಷ್ಟು ನೀರು ಬಳಸುತ್ತವೆಂದು ಪತ್ರಿಕೆಯೊಂದು ಕೇಳಿತು. ಪಟ್ಟಣದ ಆಡಳಿತವು ಅದನ್ನು ವ್ಯಾಪಾರದ ಗುಟ್ಟೆಂದು ಕರೆದು, ಹೇಳುವುದಿಲ್ಲವೆಂದು ಆ ಪತ್ರಿಕೆಯ ಮೇಲೆಯೇ ದಾವೆ ಹೂಡಿತು. 2022ರ ಕೊನೆಯಲ್ಲಿ ರಾಜಿಯಾಗಿ ಅಂಕಿಗಳು ಹೊರಬಂದಾಗ, ಹಿಂದಿನ ವರ್ಷ ಊರಿನ ನೀರಿನಲ್ಲಿ ಕಾಲುಭಾಗಕ್ಕೂ ಹೆಚ್ಚು ಅಲ್ಲಿಗೆ ಹೋಗಿತ್ತೆಂದು ತಿಳಿಯಿತು. ದಕ್ಷಿಣ ಅಮೆರಿಕದ ಉರುಗ್ವೆಯಲ್ಲಿ ದಿನಕ್ಕೆ 76 ಲಕ್ಷ ಲೀಟರು ಬೇಡುವ ಯೋಜನೆಯ ಅಂಕಿ ಹೊರಬರಲು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. 2023ರಲ್ಲಿ ಅದರ ರಾಜಧಾನಿಯ ನಲ್ಲಿಗಳಲ್ಲಿ ಉಪ್ಪು ನೀರು ಬಂದು ಜನ ಬೀದಿಗಿಳಿದ ಮೇಲೆ ಆ ಯೋಜನೆ ಗಾಳಿಯಿಂದ ತಂಪುಮಾಡುವ ವಿಧಾನಕ್ಕೆ ತಿರುಗಿತು. ಅಂದರೆ ಕೇಳಿದ ಕಡೆ ದಾರಿ ಬದಲಾಯಿತು. ಲೆಕ್ಕವನ್ನು ಮುಚ್ಚಿಡುವ ವ್ಯಾಪಾರಿಯ ಬಗ್ಗೆ ವ್ಯಾಪಾರಿ ಸಮಾಜವಾದ ನಮಗೆ ಬೇರೆಯವರು ಪಾಠ ಹೇಳಬೇಕಿಲ್ಲ. ಖಾತೆ ತೋರಿಸದವನಿಗೆ ನಮ್ಮ ಅಜ್ಜಂದಿರು ಉದ್ದರಿ ಕೊಡುತ್ತಿರಲಿಲ್ಲ.

ಈಗ ನಮ್ಮ ಮನೆಯೊಳಗಿನ ಮಾತು. ದತ್ತಾಂಶವೇ ಬೇಡವೆಂದು ಈ ಲೇಖಕನು ಹೇಳುತ್ತಿಲ್ಲ. ಮೂಡಬಿದಿರೆಯಲ್ಲಿ ಧವಲಾದಿ ಸಿದ್ಧಾಂತ ಗ್ರಂಥಗಳ ಓಲೆಗಳನ್ನು ಶತಮಾನಗಳ ಕಾಲ ಕಾಪಾಡಿದವರ ವಂಶದವರು, ಹುಳ ತಿನ್ನುತ್ತಿರುವ ಹಸ್ತಪ್ರತಿಯ ಪ್ರತಿಬಿಂಬವನ್ನು ಯಂತ್ರದಲ್ಲಿ ಉಳಿಸುವುದನ್ನು ಬೇಡವೆನ್ನುವುದುಂಟೆ? ಆಸ್ಪತ್ರೆಯ ದಾಖಲೆ, ವಿದ್ಯಾರ್ಥಿಯ ಪಾಠ, ಇವು ಸಪ್ರಯೋಜನ. ಆದರೆ ಸಮಂತಭದ್ರಾಚಾರ್ಯರು ಅನರ್ಥದಂಡವನ್ನು ವಿವರಿಸುವಾಗ, ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು ಇವನ್ನು ಪ್ರಮಾದಚರ್ಯೆಯೆಂದು ಬೇರೆಯಾಗಿಯೇ ಎತ್ತಿ ಹೇಳಿದ್ದಾರೆ. ಪ್ರಯೋಜನವಿಲ್ಲದೆ ಎಂಬ ಮಾತಿನಲ್ಲಿ ಎಲ್ಲ ಭಾರವೂ ಇದೆ. ಒಂದು ವಿವಾಹದ ಆರು ಗಂಟೆಗಳ ಚಲನಚಿತ್ರವನ್ನು ನಾಲ್ಕು ಕಡೆ ತುಂಬಿಟ್ಟು ಯಾರೂ ಮತ್ತೆ ನೋಡದಿರುವುದು, ಮುಂಜಾವಿನ ಶುಭಾಶಯದ ಚಿತ್ರವನ್ನು ಮುನ್ನೂರು ಜನರಿಗೆ ಕಳುಹಿಸುವುದು, ತೀರ್ಥಂಕರರ ಚಿತ್ರವನ್ನು ಕೃತಕ ಬುದ್ಧಿಯಿಂದ ದಿನಕ್ಕೊಂದು ಬಗೆಯಲ್ಲಿ ಬರೆಸಿ ಮೆಚ್ಚುಗೆ ಎಣಿಸುವುದು, ಇವುಗಳ ಪ್ರಯೋಜನವೇನು? ಒಂದೊಂದರ ನೀರು ಹನಿಗಳಲ್ಲಿರಬಹುದು. ಹನಿಯಲ್ಲಿಯೇ ಅಸಂಖ್ಯಾತ ಜೀವಗಳನ್ನು ಕಂಡ ಧರ್ಮದವರು, ಹನಿ ತಾನೇ ಎಂದು ಸುಮ್ಮನಾಗಲು ಬರುವುದಿಲ್ಲ.

ದೇವಸ್ಥಾನದ ಟ್ರಸ್ಟುಗಳಿಗೆ ಇದರಲ್ಲಿ ಕೆಲಸವೇನು ಎಂದು ಕೇಳುವವರಿದ್ದಾರೆ. ಊರ ಹೊರಗೆ ಬಸದಿಯ ಜಮೀನುಳ್ಳ ಟ್ರಸ್ಟುಗಳುಂಟು. ದೊಡ್ಡ ಗುತ್ತಿಗೆಯ ಮಾತು ಬಂದಾಗ ಸಭೆಯಲ್ಲಿ ನೀರಿನ ಪ್ರಶ್ನೆ ಕೊನೆಗೆ ಬರುತ್ತದೆ ಅಥವಾ ಬರುವುದೇ ಇಲ್ಲ. ನಮ್ಮ ಅನೇಕ ಕುಟುಂಬಗಳ ಹಣ ಈ ಉದ್ಯಮದ ಷೇರುಗಳಲ್ಲಿದೆ. ಷೇರುದಾರನಾಗಿ ಪತ್ರ ಬರೆದು ಕೇಳುವ ಹಕ್ಕು ಅವರಿಗುಂಟು, ಆ ಹಕ್ಕನ್ನು ಲಾಭಾಂಶದ ಚೀಟಿಯ ಜೊತೆಗೆ ಕಪಾಟಿನಲ್ಲಿ ಇಟ್ಟಿದ್ದಾರೆ. ಕೃತ, ಕಾರಿತ, ಅನುಮೋದನ ಎಂಬ ಮೂರು ಬಾಗಿಲುಗಳಲ್ಲಿ ಮೊದಲನೆಯದನ್ನು ಮಾತ್ರ ಮುಚ್ಚಿಕೊಂಡು ಕುಳಿತರೆ ಸಾಲದು. ಇನ್ನೊಬ್ಬರನ್ನು ಕೇಳುವ ಮೊದಲು ಟ್ರಸ್ಟುಗಳು ತಮ್ಮ ಕಲ್ಯಾಣಮಂಟಪದ ಕೊಳವೆಬಾವಿಗೆ ಮೀಟರು ಕೂರಿಸಿ, ಅದರ ಅಂಕಿಯನ್ನು ಸೂಚನಾಫಲಕದಲ್ಲಿ ಬರೆಯುವುದು ಒಳ್ಳೆಯದು. ಹಾಗೆ ಬರೆದವರ ಪ್ರಶ್ನೆಗೆ ತೂಕ ಹೆಚ್ಚು.

ಆಮೇಲೆ ಪ್ರಶ್ನೆ. ಕಲಬುರಗಿಯಲ್ಲಾಗಲಿ ಕಮಲಾಪುರದ ಸುತ್ತಲಾಗಲಿ ಇಂಥ ಕೇಂದ್ರದ ಪ್ರಸ್ತಾಪ ಬಂದ ದಿನವೇ ಟ್ರಸ್ಟುಗಳು ಠರಾವು ಮಾಡಿ ಜಿಲ್ಲಾಡಳಿತಕ್ಕೆ ಬರೆಯಬೇಕು: ನೀರು ಭೀಮೆಯದೋ, ಬೆಣ್ಣೆತೊರಾದ್ದೋ, ಕೊಳವೆಬಾವಿಯದೋ, ಸಂಸ್ಕರಿಸಿದ ಕೊಳಚೆಯದೋ, ದಿನಕ್ಕೆ ಎಷ್ಟು, ವರ್ಷದ ಸರಾಸರಿಯಲ್ಲ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಎಷ್ಟು, ಎತ್ತುವುದೆಷ್ಟು, ಮರಳಿಸುವುದೆಷ್ಟು, ವಿದ್ಯುತ್ತು ಯಾವುದರಿಂದ, ಬರ ಘೋಷಣೆಯಾದ ದಿನ ಯಾರ ಕವಾಟ ಮೊದಲು ಮುಚ್ಚುತ್ತದೆ, ಊರಿನದೋ ಕೇಂದ್ರದ್ದೋ, ಪ್ರತಿ ತಿಂಗಳ ಮೀಟರಿನ ಅಂಕಿಯನ್ನು ಕನ್ನಡದಲ್ಲಿ ಎಲ್ಲಿ ಪ್ರಕಟಿಸುತ್ತೀರಿ. ಈ ಪತ್ರಕ್ಕೆ ಲಿಖಿತ ಉತ್ತರ ಬರುವತನಕ ಬಸದಿಯ ಜಮೀನಿನ ಗುತ್ತಿಗೆಗೆ ಸಹಿ ಬೀಳಬಾರದು, ಶಂಕುಸ್ಥಾಪನೆಯ ಆಮಂತ್ರಣ ಪತ್ರಿಕೆಯಲ್ಲಿ ಟ್ರಸ್ಟಿನ ಹೆಸರನ್ನು ಮುದ್ರಿಸಲು ಒಪ್ಪಿಗೆಯನ್ನೂ ಕೊಡಬಾರದು.